ಬೆನ್ನಿಲ್ಲದ ಹೂವಜ್ಜಿ

ಮಗಳ ಕಂಪ್ಯೂಟರಿನಲ್ಲಿ ಹುಣಸೂರಿನ ಒಂದು ಮನೆ ನಿಂತಿದೆ. ಇನ್ನೂ ಪಾಯ ತೋಡಿಲ್ಲ. ಆದರೂ ಹೊಸಿಲು, ಹಜಾರ, ಹಿತ್ತಿಲ ಬಾಗಿಲು ಎಲ್ಲ ಇದೆ. ಮೌಸ್ ಎಳೆದರೆ ಮನೆ ತಿರುಗುತ್ತದೆ. ಅಂಗಳದಲ್ಲಿ ಕೋಟು ಹಾಕಿದ ಒಬ್ಬ ಉದ್ದನೆಯ ಮನುಷ್ಯ ಕಾಗದದ ಲೋಟ ಹಿಡಿದು ನಿಂತಿದ್ದಾನೆ. ಅವನ ಹಿಂದೆ ಹೊಂಗೂದಲಿನ ಹುಡುಗಿ, ಒಂದು ಸೈಕಲ್ಲು. ಇವರು ಯಾರಮ್ಮ ಎಂದು ಕೇಳಿದೆ. "ಯಾರೂ ಅಲ್ಲಪ್ಪ, ಸ್ಕೇಲಿಗೆ ಅಂತ" ಅಂದಳು.

ಈ ಮಾತನ್ನು ಬರೆದಿಟ್ಟುಕೊಂಡೆ. ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು ನಾನು. ಚಿತ್ರದಲ್ಲಿ ನಿಂತವರು ಯಾರೂ ಅಲ್ಲ ಎನ್ನುವ ಮಾತು ನನ್ನ ಕಿವಿಗೆ ಹೊಸದು.

*

ಸ್ಕೇಲಿಗೆ ಎಂದರೇನು ಎಂದು ತೋರಿಸಿದಳು. ಆ ಕೋಟಿನವನನ್ನು ಅಳಿಸಿದಳು. ಅವನು ಹೋದ ಕೂಡಲೇ ಮನೆ ಬೆಂಕಿಪೊಟ್ಟಣದಷ್ಟೂ ಆಗಬಹುದು, ಅರಮನೆಯಷ್ಟೂ ಆಗಬಹುದು ಎನ್ನುವಂತಾಯಿತು. ಬಾಗಿಲು ಏಳಡಿಯದೋ ಹದಿನಾಲ್ಕು ಅಡಿಯದೋ ಹೇಳಲು ಕಣ್ಣಿಗೆ ಯಾವ ಆಧಾರವೂ ಇಲ್ಲ. ಮತ್ತೆ ತಂದು ನಿಲ್ಲಿಸಿದಳು. ಬಾಗಿಲು ಬಾಗಿಲಾಯಿತು.

ಇದು ನನಗೆ ಗೊತ್ತಿದ್ದ ವಿಷಯವೇ, ಬೇರೆ ಹೆಸರಿನಲ್ಲಿ. ಶ್ರವಣಬೆಳಗೊಳದ ಗೊಮ್ಮಟನ ಮುಖವನ್ನಷ್ಟೇ ಚೌಕಟ್ಟಿನಲ್ಲಿ ಹಿಡಿದರೆ ಐವತ್ತೇಳು ಅಡಿ ಎಲ್ಲೂ ಕಾಣುವುದಿಲ್ಲ. ಪಾದದ ಬಳಿ ಕೈಮುಗಿದು ನಿಂತ ಒಬ್ಬ ಭಕ್ತ ಚೌಕಟ್ಟಿನೊಳಗೆ ಬಂದರೆ ಸಾಕು, ಬೆಟ್ಟ ಮೇಲೆದ್ದ ಹಾಗೆ ಕಾಣುತ್ತದೆ. ಹಳೆಯ ಕಾಲದಲ್ಲಿ ಪಾಳುಗುಡಿಗಳ ಫೋಟೋ ತೆಗೆದವರು ಕಂಬಕ್ಕೆ ಒರಗಿಸಿ ಒಬ್ಬ ಆಳನ್ನು ನಿಲ್ಲಿಸುತ್ತಿದ್ದುದೂ ಇದಕ್ಕೇ. ಆ ಆಳಿನ ಹೆಸರು ಯಾವ ಫೋಟೋದ ಕೆಳಗೂ ಇರುವುದಿಲ್ಲ. ಕಂಬದ ಹೆಸರು ಇರುತ್ತದೆ.

*

ಹೆಸರುಗಳು: ಮಗಳ ಆಫೀಸಿನ ಹುಡುಗರು ಈ ಗೊಂಬೆಗಳಿಗೆ "ಕಟೌಟ್" ಅನ್ನುತ್ತಾರೆ, "ಪಿಎನ್‌ಜಿ" ಅನ್ನುತ್ತಾರೆ, ಕಾಲೇಜಿನ ನೆನಪು ಇನ್ನೂ ಹಸಿಯಾಗಿರುವವರು "ಆಂಟುರಾಜ್" ಅನ್ನುತ್ತಾರೆ. ಕೊನೆಯದು ಫ್ರೆಂಚ್ ಮಾತು. ಮನುಷ್ಯ, ಮರ, ಕಾರು, ನಾಯಿ, ಒಟ್ಟಿನಲ್ಲಿ ಕಟ್ಟಡದ ಸುತ್ತ ಇರುವುದೆಲ್ಲ ಅದರೊಳಗೆ ಬಂತು. ಮನುಷ್ಯನೂ ಮರವೂ ಒಂದೇ ಫೋಲ್ಡರಿನಲ್ಲಿವೆ.

*

ಮಗಳು ಬಳಸುವ ಸ್ಕೆಚಪ್ ಅನ್ನುವ ತಂತ್ರಾಂಶ 2000ದಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಎಂಬ ಊರಿನಿಂದ ಬಂದದ್ದು. ಹೊಸ ಕಡತ ತೆರೆದರೆ ಕೆಂಪು, ಹಸಿರು, ನೀಲಿ ಗೆರೆಗಳು ಕೂಡುವ ಕಡೆ ಒಬ್ಬರು ಆಗಲೇ ನಿಂತಿರುತ್ತಾರೆ. ಬಯಲಿನಲ್ಲಿ ಬೇರೇನೂ ಇರುವುದಿಲ್ಲ, ಒಬ್ಬ ಮನುಷ್ಯ ಮಾತ್ರ. ಆವೃತ್ತಿ ಬದಲಾದ ಹಾಗೆ ಆ ಮನುಷ್ಯರೂ ಬದಲಾಗುತ್ತಾರೆ. ಅದನ್ನು ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡುವವರನ್ನೇ ನೋಡಿ ಬರೆದ ಚಿತ್ರಗಳಂತೆ ಅವು.

ಹಾಗಾದರೆ ಅವರಿಗೆ ಗೊತ್ತಿದೆ, "ಯಾರೂ ಅಲ್ಲ" ಅನ್ನುವವರು ಇಲ್ಲ ಎಂದು. ತಮ್ಮವರನ್ನೇ ನಿಲ್ಲಿಸಿಕೊಂಡಿದ್ದಾರೆ. ನಾವು ಮಾತ್ರ ಅವರವರನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿಕೊಂಡಿದ್ದೇವೆ.

ಇದನ್ನು ಜೋರಾಗಿಯೇ ಹೇಳಿದೆನೋ ಏನೋ. ಮಗಳು ತಿರುಗಿ ನೋಡಿ, "ಹಾಗಾದ್ರೆ ನೀವೇ ಯಾರನ್ನಾದ್ರೂ ತೆಗೆದುಕೊಡಿ. ಕ್ಯಾಮೆರಾ ಇದ್ಯಲ್ಲ" ಅಂದಳು.

*

ಹೂವಿನ ಅಜ್ಜಿಯನ್ನು ಕೇಳಿದೆ. ಬೆಳಿಗ್ಗೆ ಏಳಕ್ಕೆ ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಬೀದಿಗೆ ಬರುತ್ತಾರೆ. ಮಲ್ಲಿಗೆ, ಕನಕಾಂಬರ, ಹಬ್ಬದ ದಿನ ಸೇವಂತಿಗೆ. ಒಂದು ಮನೆಯ ಚಿತ್ರದಲ್ಲಿ ನಿಮ್ಮನ್ನು ನಿಲ್ಲಿಸಬೇಕು ಅಂದೆ.

"ಯಾರ ಮನೇಲಪ್ಪ?"

ಹುಣಸೂರಿನಲ್ಲಿ ಒಬ್ಬರು ಕಟ್ಟುತ್ತಿದ್ದಾರೆ ಅಂದೆ.

"ಅವರಿಗೆ ಗೊತ್ತೇನಪ್ಪ, ನಾನು ಬರೋದು?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ. ಮಗಳಿಗೆ ಫೋನು ಮಾಡಿದೆ, ಅವಳು ಮನೆಯವರಿಗೆ ಫೋನು ಮಾಡಿದಳು, ಅವರು ಆಗಲಿ ಅಂದರು. ಅಜ್ಜಿಗೆ ಹೇಳಿದ ಮೇಲೆ ಸೆರಗು ಸರಿಮಾಡಿಕೊಂಡು ನಿಂತರು.

*

ಇಂಥ ಚಿತ್ರ ತೆಗೆಯುವ ಹದ ಬೇರೆ. ಸ್ಟುಡಿಯೋದಲ್ಲಿ ಮೂಗಿನ ಒಂದು ಪಕ್ಕ ನೆರಳು ಬೀಳುವಂತೆ ದೀಪ ಇಡುತ್ತಿದ್ದೆ, ಮುಖಕ್ಕೆ ಉಬ್ಬುತಗ್ಗು ಬರಲಿ ಎಂದು. ಇಲ್ಲಿ ಅದು ಕೂಡದು. ನನ್ನ ಚಿತ್ರದಲ್ಲಿ ಬಿಸಿಲು ಎಡದಿಂದ ಬಿದ್ದು, ಮಗಳ ಮನೆಗೆ ಬಲದಿಂದ ಬಿದ್ದರೆ ಅಜ್ಜಿ ಬೇರೆ ಲೋಕದವರ ಹಾಗೆ ಕಾಣುತ್ತಾರೆ. ಮೋಡ ಕವಿದ ದಿನ ಬೇಕು. ಹಿಂದೆ ಬರೀ ಗೋಡೆ ಇರಬೇಕು. ಹತ್ತಿರ ನಿಂತು ತೆಗೆದರೆ ತಲೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಹಾಗಾಗಿ ದೂರ ಹೋಗಿ, ಕ್ಯಾಮೆರಾವನ್ನು ಅವರ ಎದೆಮಟ್ಟಕ್ಕೆ ಇಳಿಸಿ, ಲೆನ್ಸಿನಿಂದ ಹತ್ತಿರ ಎಳೆದುಕೊಳ್ಳಬೇಕು. ಬೆರಳ ತುದಿಯ ತನಕ ಪಾದ ಪೂರ್ತಿ ಸಿಗಬೇಕು. ಪಾದ ಕತ್ತರಿಸಿಹೋದರೆ ನೆಲದ ಮೇಲೆ ನಿಲ್ಲಿಸುವುದು ಹೇಗೆ?

ಆಷಾಢದ ಮೋಡ ಸಹಾಯಕ್ಕೆ ಬಂತು.

*

ಕತ್ತರಿಸುವ ಕೆಲಸ ನಾನೇ ಮಾಡುತ್ತೇನೆ ಅಂದೆ. ಮೂರು ಸಂಜೆ ಹಿಡಿಯಿತು.

ಹಿಂದೆ ನೆಗೆಟಿವ್ ಮೇಲೆ ಸಣ್ಣ ಕುಂಚದಿಂದ ಒಪೇಕ್ ಬಣ್ಣ ಹಚ್ಚುತ್ತಿದ್ದೆವು. ಬಣ್ಣ ಹಚ್ಚಿದ ಕಡೆ ಬೆಳಕು ತೂರುತ್ತಿರಲಿಲ್ಲ, ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗೆ ಬರುತ್ತಿತ್ತು. ಮದುವೆ ಗಂಡಿನ ಹಿಂದಿನ ಹರಕು ಗೋಡೆ ಹೀಗೆ ಮಾಯವಾಗುತ್ತಿತ್ತು. ಅಲ್ಲಿ ಹೋದ ಹಿನ್ನೆಲೆ ಬಿಳಿಯಾಗುತ್ತಿತ್ತು. ಇಲ್ಲಿ ಹೋದ ಹಿನ್ನೆಲೆ ಏನೂ ಆಗುವುದಿಲ್ಲ, ಬರೀ ಇಲ್ಲವಾಗುತ್ತದೆ. 1996ರಲ್ಲಿ ಬಂದ ಪಿಎನ್‌ಜಿ ಎಂಬ ಚಿತ್ರಬಗೆಯಲ್ಲಿ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಷ್ಟೆಂಬ ಲೆಕ್ಕದ ಜೊತೆಗೆ ನಾಲ್ಕನೆಯದೊಂದು ಲೆಕ್ಕ ಇರಬಹುದು: ಈ ಚುಕ್ಕೆ ಎಷ್ಟರ ಮಟ್ಟಿಗೆ ಇದೆ. ಸಾಮಾನ್ಯವಾಗಿ ಸೊನ್ನೆಯಿಂದ 255ರ ತನಕ. ಸೊನ್ನೆಯಾದರೆ ಇಲ್ಲ, 255 ಆದರೆ ಪೂರ್ತಿ ಇದೆ. ಇದಕ್ಕೆ ಆಲ್ಫಾ ಅನ್ನುತ್ತಾರೆ. ಜೆಪೆಗ್‌ನಲ್ಲಿ ಈ ಲೆಕ್ಕವೇ ಇಲ್ಲ. ಅದಕ್ಕೇ ಜೆಪೆಗ್ ಚಿತ್ರ ತಂದು ನಿಲ್ಲಿಸಿದರೆ ಮನುಷ್ಯನ ಸುತ್ತ ಬಿಳಿ ಹಲಗೆಯೂ ನಿಲ್ಲುತ್ತದೆ.

ಒಂದು ಚುಕ್ಕೆ ಅರ್ಧ ಇರುವುದು ಎಂದರೆ ಏನೆಂದು ಮೊದಲ ಸಂಜೆ ತಿಳಿಯಲಿಲ್ಲ. ಅಜ್ಜಿಯ ಕೂದಲ ಅಂಚಿಗೆ ಬಂದಾಗ ತಿಳಿಯಿತು. ನರೆಗೂದಲಿನ ಎಳೆ ಗಾಳಿಗೆ ಎದ್ದ ಕಡೆ ಕೂದಲೂ ಹೌದು, ಗೋಡೆಯೂ ಹೌದು. ಅಲ್ಲಿ ಪೂರ್ತಿ ಕತ್ತರಿಸಿದರೆ ತಲೆ ತಗಡಿನ ಹಾಗಾಗುತ್ತದೆ. ಬಿಟ್ಟರೆ ನಮ್ಮ ಬೀದಿಯ ಸುಣ್ಣದ ಗೋಡೆ ತೆಳ್ಳಗೆ ಅವರ ತಲೆಯ ಸುತ್ತ ಅಂಟಿಕೊಂಡು ಹುಣಸೂರಿಗೂ ಬರುತ್ತದೆ. ಸೆರಗಿನ ಅಂಚಿಗೂ ಅದೇ ಕಷ್ಟ. ಹಳೆಯ ವಾಯಿಲ್ ಸೀರೆ, ಬೆಳಕು ತೂರುವಷ್ಟು ಸವೆದಿದೆ. ಆ ಸವೆತಕ್ಕೆ 180 ಎಂದು ಲೆಕ್ಕ ಕೊಟ್ಟೆ.

*

ಚಿತ್ರ ಸಿದ್ಧವಾದ ಮೇಲೆ ಮಗಳು ಮಾಡಿದ್ದು ಇಷ್ಟು. ಚಿತ್ರವನ್ನು ಒಳಗೆ ತಂದಳು. ಒಡೆದು ಹಾಳೆ ಮಾಡಿದಳು. ಪಾದದ ನಡುವೆ, ನೆಲ ತಾಗುವ ಕಡೆ, ಮೂರು ಗೆರೆಗಳ ಮೂಲವನ್ನು ಕೂರಿಸಿದಳು. ಆಮೇಲೆ ಅದನ್ನು ಕಾಂಪೊನೆಂಟ್, ಅಂದರೆ ಒಂದೇ ಗೊಂಬೆ, ಮಾಡುವಾಗ ಒಂದು ಚೌಕದಲ್ಲಿ ಗುರುತು ಹಾಕಿದಳು: ಯಾವಾಗಲೂ ಕ್ಯಾಮೆರಾಕ್ಕೆ ಮುಖ ಮಾಡು.

ಇದೇ ನನ್ನನ್ನು ಬಹಳ ಹೊತ್ತು ಕೂರಿಸಿದ್ದು. ಮನೆಯನ್ನು ಯಾವ ದಿಕ್ಕಿಗೆ ತಿರುಗಿಸಿದರೂ ಅಜ್ಜಿ ನಮ್ಮ ಕಡೆಗೇ ತಿರುಗುತ್ತಾರೆ. ಹಿತ್ತಿಲಿನಿಂದ ನೋಡಿದರೂ ಮುಖವೇ, ಬೀದಿಯಿಂದ ನೋಡಿದರೂ ಮುಖವೇ. ಹಿಂದೆ ಹೋಗಿ ನೋಡಬೇಕೆಂದು ನಾನೂ ಎರಡು ಸಲ ಮನೆಯನ್ನು ಗರಗರ ತಿರುಗಿಸಿದೆ. ಆಗಲಿಲ್ಲ. ಮೇಲಿನಿಂದ ನೋಡಿದಾಗ ಮಾತ್ರ ಗುಟ್ಟು ಬಯಲಾಯಿತು. ಅಂಗಳದಲ್ಲಿ ಒಂದು ತೆಳು ಗೆರೆ, ಅಷ್ಟೆ. ನಿಂತಲ್ಲೇ ಬುಗುರಿಯ ಹಾಗೆ ಸುತ್ತಬಲ್ಲರು, ಆದರೆ ಮುಖ ಎತ್ತಿ ನೋಡಲಾರರು. ಅವರಿಗೆ ಬೆನ್ನಿಲ್ಲ.

ಗಾಂಧಿನಗರದ ಚಿತ್ರಮಂದಿರಗಳ ಮುಂದೆ ರಾಜ್‌ಕುಮಾರರ ಕಟೌಟ್ ನೋಡಿದ ನೆನಪು ಬಂತು. ಮುಂದಿನಿಂದ ಮೂರು ಮಹಡಿ ಎತ್ತರದ ರಾಜ. ಹಿಂದೆ ಹೋದರೆ ಸರ್ವೆ ಮರದ ಕಂಬಗಳು, ಹಗ್ಗ, ಪ್ಲೈವುಡ್ಡಿನ ಬತ್ತಲೆ ಮೈ, ನೆರಳಲ್ಲಿ ಬೀಡಿ ಸೇದುತ್ತ ಕೂತ ಪೇಂಟರು. ಆ ಕಟೌಟಿಗೆ ಹಿಂದೆ ಹೋಗಲು ದಾರಿಯಾದರೂ ಇತ್ತು.

ಇದಕ್ಕೆ ಉಪಾಯ ಮಾಡಿದವರೂ ಇದ್ದಾರಂತೆ. ಆರ್‌ಪಿಸಿ ಎನ್ನುವ ಬಗೆಯಲ್ಲಿ ಒಬ್ಬರನ್ನು ಸುತ್ತಲಿನ ಅನೇಕ ಕೋನಗಳಿಂದ ಫೋಟೋ ತೆಗೆದು ಒಂದೇ ಕಡತದಲ್ಲಿ ಇಡುತ್ತಾರೆ. ನೋಡುವವರು ನಿಂತ ಕಡೆಗೆ ಹೊಂದುವ ಫೋಟೋವನ್ನು ತಂತ್ರಾಂಶವೇ ಆರಿಸಿ ತೋರಿಸುತ್ತದೆ. ರೆವಿಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಅಂಥವರು ಸಿಗುತ್ತಾರೆ. ಅಜ್ಜಿಯನ್ನು ಹಾಗೆ ಸುತ್ತ ತಿರುಗಿಸಿ ತೆಗೆಯೋಣವೇ ಅಂದಳು ಮಗಳು. ನಾನು ಬೇಡ ಅಂದೆ. ಬುಟ್ಟಿ ಹೊತ್ತು ಅಷ್ಟು ಹೊತ್ತು ನಿಲ್ಲಿಸುವುದು ಸರಿಯಲ್ಲ.

*

ನೆರಳಿನ ತೊಂದರೆ. ಬಿಸಿಲು ಹಾಕಿದ ಕೂಡಲೇ ಅಜ್ಜಿಯ ನೆರಳು ಅಂಗಳದಲ್ಲಿ ಬಿತ್ತು. ಅದು ಬಾಗಿಲಿನ ಹಲಗೆಯ ಆಕಾರದಲ್ಲಿತ್ತು! ನಾನು ಮೂರು ಸಂಜೆ ಕೂತು ಇಲ್ಲವಾಗಿಸಿದ ಗೋಡೆಯೆಲ್ಲ ನೆರಳಾಗಿ ವಾಪಸು ಬಂದಿತ್ತು. ಸ್ಕೆಚಪ್ ನೆರಳು ಹಾಕುವಾಗ ಆಲ್ಫಾದ ಲೆಕ್ಕ ಕೇಳುವುದಿಲ್ಲ, ಹಾಳೆಯ ಅಂಚನ್ನು ಮಾತ್ರ ನೋಡುತ್ತದೆ. ಮಗಳು ಅಜ್ಜಿಯ ಸುತ್ತ ಸಣ್ಣ ಸಣ್ಣ ಗೆರೆ ಎಳೆದು, ಹೊರಗಿನ ಹಾಳೆಯನ್ನು ಅಳಿಸಿ, ಗೆರೆಗಳನ್ನು ಅಡಗಿಸಿದಳು. ಆಮೇಲೆ ನೆರಳಿಗೆ ಬುಟ್ಟಿ ಬಂತು, ಮೊಣಕೈ ಬಂತು. ಮನೆಯನ್ನು ಫೋಟೋದಂತೆ ಮೂಡಿಸುವ ವಿ-ರೇ ಥರದ ತಂತ್ರಾಂಶದಲ್ಲಿ ಈ ಕಷ್ಟ ಇಲ್ಲ, ಅಲ್ಲಿ ಬೆಳಕು ಆಲ್ಫಾವನ್ನು ವಿಚಾರಿಸಿಕೊಂಡೇ ಹೋಗುತ್ತದೆ.

ಇನ್ನೊಂದು ಚೌಕವೂ ಇದೆ: ನೆರಳು ಸೂರ್ಯನಿಗೆ ಮುಖ ಮಾಡಲಿ. ಅದಕ್ಕೆ ಗುರುತು ಹಾಕದಿದ್ದರೆ, ಪಕ್ಕದಿಂದ ಬಿಸಿಲು ಬಂದಾಗ ನೆರಳು ಕಡ್ಡಿಯಷ್ಟಾಗುತ್ತದೆ. ಹಾಕಿದರೆ ಅಜ್ಜಿ ನಮ್ಮನ್ನು ನೋಡುತ್ತಾರೆ, ಅವರ ನೆರಳಿಗಾಗಿ ಇನ್ನೊಬ್ಬ ಅಜ್ಜಿ ಕಾಣದ ಹಾಗೆ ಸೂರ್ಯನ ಕಡೆ ತಿರುಗಿರುತ್ತಾರೆ. ಮರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಕಾಲು ಅಗಲಿಸಿ ನಡೆಯುವವರಿಗೆ ಹೊಂದದು, ಪಾದ ಒಂದು ಕಡೆ, ನೆರಳು ಹುಟ್ಟುವ ಜಾಗ ಇನ್ನೊಂದು ಕಡೆ ಆಗುತ್ತದೆ. ಅಜ್ಜಿ ಕಾಲು ಜೋಡಿಸಿ ನಿಂತಿದ್ದರಿಂದ ಪಾರಾದರು.

ನಮ್ಮ ತೊಗಲುಗೊಂಬೆಯವರಿಗೆ ಈ ಲೆಕ್ಕವೆಲ್ಲ ಕೈಯಲ್ಲೇ ಇತ್ತು. ಚರ್ಮವನ್ನು ಬೆಳಕು ತೂರುವಷ್ಟು ಹದಮಾಡಿ, ಬಣ್ಣ ಹಾಕಿ, ಒಡವೆಯ ಕಡೆ ಉಳಿಯಿಂದ ತೂತು ಕೊಟ್ಟು, ಎಲ್ಲಿ ಎಷ್ಟು ಬೆಳಕು ಹೋಗಬೇಕೆಂದು ತೀರ್ಮಾನಿಸುತ್ತಿದ್ದರು. ಅಲ್ಲಿಯೂ ಗೊಂಬೆ ಚಪ್ಪಟೆಯೇ. ಆದರೆ ಪರದೆಯ ಮೇಲೆ ಬೀಳುವ ನೆರಳಿಗೂ ಬಣ್ಣ ಇತ್ತು. ಇನ್ನೊಂದು ವಿಷಯ: ಕರ್ನಾಟಕದ ತೊಗಲುಗೊಂಬೆಗಳಲ್ಲಿ ದೇವರು, ರಾಜರು ದೊಡ್ಡವರು. ಸೇವಕರು, ಸಾಮಾನ್ಯರು ಸಣ್ಣವರು. ಅಲ್ಲಿ ಅಳತೆ ಎನ್ನುವುದು ಮೈಯದಲ್ಲ, ಸ್ಥಾನದ್ದು.

*

ದಸರಾ ಗೊಂಬೆ ಹಬ್ಬದ ಮೆಟ್ಟಿಲು ನೆನಪಾಯಿತು. ಶೆಟ್ಟಿ ಗೊಂಬೆಯ ಹೊಟ್ಟೆ ಪಕ್ಕದ ಆನೆಗಿಂತ ದೊಡ್ಡದಿರುತ್ತಿತ್ತು. ರಾಗಿ ಮೊಳಕೆಯ ಪಾರ್ಕಿನಲ್ಲಿ ಪ್ಲಾಸ್ಟಿಕ್ ಹುಲಿಗಿಂತ ಬಾತುಕೋಳಿ ಎತ್ತರ. ಯಾರ ಕಣ್ಣಿಗೂ ಅದು ತಪ್ಪಾಗಿ ಕಾಣಲಿಲ್ಲ. ಮಗಳೂ ಆ ಪಾರ್ಕು ಮಾಡಿ ಬೆಳೆದವಳೇ. ಈಗ ಗೊಂಬೆ ಅರ್ಧ ಇಂಚು ನೆಲದಿಂದ ಮೇಲೆದ್ದರೂ ಅವಳಿಗೆ ತಡೆಯುವುದಿಲ್ಲ.

*

ಮಂಗಳವಾರ. ತಲೆಗಳ ವಿಷಯ. ಚಿತ್ರದಲ್ಲಿ ಮೂವರಿದ್ದರೆ, ಹತ್ತಿರದವರದು, ದೂರದವರದು, ಎಲ್ಲರ ತಲೆಯೂ ಸುಮಾರು ಒಂದೇ ಗೆರೆಯಲ್ಲಿ ಬರುತ್ತವೆ. ಪಾದಗಳು ಮಾತ್ರ ಮೇಲೆ ಕೆಳಗೆ. ನೋಡುವವರ ಕಣ್ಣೆತ್ತರವೇ ಆ ಗೆರೆ. ಇಟಲಿಯ ಆಲ್ಬೆರ್ತಿ 1435ರಲ್ಲಿ ಚಿತ್ರಕಲೆಯ ಬಗ್ಗೆ ಬರೆದ ಪುಸ್ತಕದಲ್ಲೇ ಇದನ್ನು ಗಮನಿಸಿದ್ದಾನೆ, ಗುಡಿಯಲ್ಲಿ ಓಡಾಡುವ ಜನರನ್ನು ನೋಡಿ. ನಾನು ಗುಂಪು ಫೋಟೋ ಎಷ್ಟು ಸಾವಿರ ತೆಗೆದಿರಬಹುದು, ಇದನ್ನು ಮಾತಿನಲ್ಲಿ ಹಿಡಿದಿರಲಿಲ್ಲ.

ಸ್ಕೆಚಪ್‌ನಲ್ಲಿ ಮನೆಯೊಳಗೆ ನಡೆದಾಡುವ ಕಣ್ಣು ತಾನಾಗಿಯೇ ಐದಡಿ ಆರಿಂಚಿನಲ್ಲಿ ಇರುತ್ತದೆ. ಹೂವಜ್ಜಿ ನಾಲ್ಕಡಿ ಒಂಬತ್ತಿಂಚು. ಅವರ ನೆತ್ತಿಯೇ ಆ ಗೆರೆಗಿಂತ ಒಂಬತ್ತಿಂಚು ಕೆಳಗೆ ಬಂತು. ಮಗಳ ಜೊತೆಗಾರ ಹುಡುಗ, ಏನೋ ತಪ್ಪಾಗಿದೆ ಮೇಡಂ, ಗೊಂಬೆ ಎಳೆದು ದೊಡ್ಡದು ಮಾಡಿ ಅಂದನಂತೆ. ಮಗಳು ಮಾಡಲಿಲ್ಲ. ಅಳತೆಪಟ್ಟಿಯಿಂದ ಪಾದದಿಂದ ನೆತ್ತಿಗೆ ಅಳೆದು 4 ಅಡಿ 9 ಇಂಚು ಎಂದು ಒತ್ತಿದಳು.

ಅಲ್ಲಿಂದ ಮನೆಯೇ ಬೇರೆಯಾಗಿ ಕಾಣತೊಡಗಿತು. ಕೋಟಿನವನು ನಿಂತಿದ್ದಾಗ ಅಡುಗೆಮನೆಯ ಗೋಡೆಬೀರು ಕೈಗೆ ಸಿಗುವ ಹಾಗೇ ಇತ್ತು. ಅಜ್ಜಿಯನ್ನು ಕಟ್ಟೆಯ ಮುಂದೆ ನಿಲ್ಲಿಸಿದಾಗ ಅದರ ಎರಡನೆಯ ಹಲಗೆ ಅವರ ನೆತ್ತಿಗಿಂತ ಒಂದೂವರೆ ಅಡಿ ಮೇಲಿತ್ತು. ಚಾಚಿದ ಕೈಗೂ ಸಿಗದು. ಆ ಮನೆಯಲ್ಲಿ ನಿಜವಾಗಿ ಅಡುಗೆ ಮಾಡುವ ಯಜಮಾನಿ ಐದಡಿಯವರು ಎಂದು ಮಗಳು ಹೇಳಿದಳು. ಹಾಗೆ ಹೇಳುತ್ತಲೇ ಸುಮ್ಮನಾದಳು. ಆ ದಿನ ರಾತ್ರಿ ಬೀರು ನಾಲ್ಕಿಂಚು ಕೆಳಗಿಳಿಯಿತು.

ವಾಸ್ತುಶಿಲ್ಪಿ ಲ ಕಾರ್ಬ್ಯೂಸಿಯೇ ಮಾಡ್ಯುಲೊರ್ ಎಂಬ ಮಾನವ ಅಳತೆಯನ್ನು ರೂಪಿಸಿದಾಗ ಮೊದಲು 1.75 ಮೀಟರಿನ ಮನುಷ್ಯನನ್ನು ಇಟ್ಟುಕೊಂಡಿದ್ದ. ಆಮೇಲೆ ಅದನ್ನು ಆರಡಿಗೆ, ಸುಮಾರು 1.83 ಮೀಟರಿಗೆ ಏರಿಸಿದ. ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳ ಚೆಂದದ ಪೊಲೀಸರು ಆರಡಿ ಇರುತ್ತಾರೆ ಎನ್ನುವುದೂ ಅದಕ್ಕೆ ಕೊಟ್ಟ ಕಾರಣ. ಆ ಅಳತೆಯನ್ನು ಚಂಡೀಗಢದಲ್ಲೂ ಬಳಸಿದ. ಇದನ್ನು ಓದಿದ ಮೇಲೆ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಕೂತೆ. ಕಾದಂಬರಿಯ ಪೊಲೀಸನೊಬ್ಬನ ಎತ್ತರ ಪಂಜಾಬಿನ ಕಟ್ಟಡಗಳಿಗೆ ಬಂತಲ್ಲ!

*

ಚಿತ್ರದಲ್ಲಿ ಯಾರು ನಿಲ್ಲಬೇಕು ಎಂಬ ವಿಷಯ ನನ್ನೊಬ್ಬನನ್ನೇ ಕಾಡಿದ್ದಲ್ಲ. ಸ್ವೀಡನ್ನಿನ ತೆಯೋಡೊರ್ ಯಾವನಾ ಎಮ್ಡೇನ್ ಎಂಬ ವಾಸ್ತುಶಿಲ್ಪಿ ತನ್ನ ಸುತ್ತಮುತ್ತಲಿನವರ ಫೋಟೋ ತೆಗೆದು, ಕತ್ತರಿಸಿ, ಯಾರು ಬೇಕಾದರೂ ತೆಗೆದುಕೊಳ್ಳಲಿ ಎಂದು ಹಂಚಿದ. ಸ್ಕಾಲ್‌ಗುಬ್ಬಾರ್ ಎಂದು ಅದರ ಹೆಸರು. ದೊಡ್ಡ ಮನಸ್ಸಿನ ಕೆಲಸ. ಆದರೆ ಅವು ಎಷ್ಟು ಸುಲಭವಾಗಿ ಸಿಕ್ಕವೆಂದರೆ ಲೋಕದ ಯಾವ ಊರಿನ ಚಿತ್ರದಲ್ಲೂ ಸ್ವೀಡನ್ನಿನ ಸ್ನೇಹಿತರೇ ಓಡಾಡತೊಡಗಿದರು. ಆಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿದ್ಯಾರ್ಥಿಗಳು ಬೇರೆ ಬೇರೆ ಮೈಬಣ್ಣದ, ಬೇರೆ ಉಡುಪಿನ ಜನರ ಕಟೌಟ್‌ಗಳನ್ನು ಕೂಡಿಹಾಕಿ ನಾನ್‌ಸ್ಕ್ಯಾಂಡಿನೇವಿಯಾ ಎಂದು ಹೆಸರಿಟ್ಟರು. ಲ್ಯಾಟಿನ್ ಅಮೆರಿಕದವರೂ ತಮ್ಮ ಸಂಗ್ರಹ ಮಾಡಿಕೊಂಡರು.

ನಮ್ಮ ಮೈಸೂರಿನ ಒಂದು ಬೀದಿಯದು ಈಗ ಮಗಳ ಫೋಲ್ಡರಿನಲ್ಲಿ ಇದೆ: ಹೂವಜ್ಜಿ, ಇಸ್ತ್ರಿಯವರು, ಯೂನಿಫಾರಂ ಹಾಕಿದ ಇಬ್ಬರು ಮಕ್ಕಳು, ಪಂಚೆ ಎತ್ತಿಕಟ್ಟಿದ ಪಕ್ಕದ ಮನೆ ಮೇಷ್ಟ್ರು. ಐದು ಜನ, ಐದು ಸಲ ಕೇಳಿ ತೆಗೆದದ್ದು. ಬೇರೆ ಆಫೀಸಿನವರು ಕಡತ ಕೇಳಿದಾಗ ಮಗಳು ಕೊಡಲು ಹೊರಟಿದ್ದಳು. ತಡೆದೆ. ಅಜ್ಜಿ ಒಪ್ಪಿದ್ದು ಹುಣಸೂರಿನ ಮನೆಗೆ. ಇನ್ನೊಂದು ಮನೆಗೆ ಕರೆದುಕೊಂಡು ಹೋಗಬೇಕಾದರೆ ಇನ್ನೊಮ್ಮೆ ಕೇಳಬೇಕು. ಮಗಳು ವಾದ ಮಾಡಲಿಲ್ಲ. ಕಡತದ ಹೆಸರಿನ ಮುಂದೆ "ಕೇಳಿ" ಎಂದು ಸೇರಿಸಿದಳು.

*

ಶುಕ್ರವಾರ ಪ್ರಿಂಟು ಹಾಕಿಸಿ ಅಜ್ಜಿಗೆ ತೋರಿಸಿದೆ. ಎರಡು ಹಾಳೆ. ಒಂದರಲ್ಲಿ ಅಂಗಳದಲ್ಲಿ ನಿಂತಿದ್ದಾರೆ, ಇನ್ನೊಂದರಲ್ಲಿ ಹಜಾರದಲ್ಲಿ, ದೇವರ ಗೂಡಿನ ಹತ್ತಿರ.

ಮೊದಲನೆಯದನ್ನು ಬಹಳ ಹೊತ್ತು ನೋಡಿದರು. ಎರಡನೆಯದನ್ನು ನೋಡಿದ ಕೂಡಲೇ ಹಾಳೆಯನ್ನು ನನ್ನ ಕೈಗೆ ವಾಪಸು ಇಟ್ಟರು.

"ಇದೇನಪ್ಪ, ಚಪ್ಪಲಿ ಮೆಟ್ಕೊಂಡು ದೇವರ ಮನೆ ಮುಂದೆ ನಿಲ್ಸಿದ್ದೀರಾ ನನ್ನ. ಅವರ ಮನೆಯೋರು ಏನಂದ್ಕೋತಾರೆ?"

ಬೆರಳ ತುದಿಯ ತನಕ ಪಾದ ಬೇಕು ಎಂದು ಅಷ್ಟು ಎಚ್ಚರದಿಂದ ತೆಗೆದಿದ್ದೆ. ಆ ಪಾದದಲ್ಲಿ ಚಪ್ಪಲಿ ಇತ್ತು. ಕತ್ತರಿಸುವಾಗ ಆ ಚಪ್ಪಲಿಯ ಪಟ್ಟಿಯನ್ನು ಒಂದೊಂದೇ ಚುಕ್ಕೆಯಾಗಿ ನೋಡಿದ್ದೇನೆ. ಮಗಳೂ ನೋಡಿದ್ದಾಳೆ. ಹೊಳೆಯಲಿಲ್ಲ. ಆ ಫೋಲ್ಡರಿನ ಕೋಟಿನವರು, ಸೈಕಲ್ಲಿನವರು ಎಲ್ಲರೂ ನಮ್ಮ ಹಜಾರಗಳಲ್ಲಿ ಬೂಟು ಹಾಕಿಯೇ ನಿಂತದ್ದನ್ನು ಇಷ್ಟು ದಿನ ನೋಡಿ ನೋಡಿ ಕಣ್ಣು ಒಗ್ಗಿಹೋಗಿತ್ತು.

ಕ್ಷಮಿಸಿ ಅಜ್ಜಿ ಅಂದೆ. ಮಾರನೆಯ ಬೆಳಿಗ್ಗೆ ಚಪ್ಪಲಿಯನ್ನು ನಮ್ಮ ಗೇಟಿನ ಹೊರಗೆ ಬಿಟ್ಟು ಬಂದು, ಬರಿಗಾಲಲ್ಲಿ ನಿಂತರು. ಕಾಲುಂಗುರ ಕಾಣಲಿ ಎಂದು ಸೀರೆಯನ್ನು ತುಸು ಎತ್ತಿಕೊಂಡರು. ಈಗ ಕಡತಗಳು ಎರಡು. ಹೊರಗಿನ ಅಜ್ಜಿ, ಒಳಗಿನ ಅಜ್ಜಿ. ಮನೆಯ ನಕ್ಷೆಯಲ್ಲಿ ಚಪ್ಪಲಿ ಬಿಡಲು ಜಾಗವೇ ಇರಲಿಲ್ಲ ಎಂದು ಮಗಳು ಆಗ ನೋಡಿಕೊಂಡಳು.

*

ಹೊರಡುವಾಗ ಅಜ್ಜಿ ಅಂಗಳದ ಹಾಳೆಯನ್ನು ಮತ್ತೆ ಕೇಳಿದರು. ಬೆರಳಿಂದ ತೋರಿಸಿದರು.

"ಇಲ್ಲಿ ಬುಟ್ಟಿ ಎಲ್ಲಿ ಇಳಿಸ್ಲಿ ಕಂದ? ಹೂವ ಅಳೆದು ಕೊಡೋ ತನಕ ಹೊತ್ಕೊಂಡೇ ನಿಂತಿರ್ಲಾ?"

ಮಗಳು ಹಾಳೆ ನೋಡಿದಳು. ಗೇಟು, ಕಾಂಪೌಂಡು, ನುಣ್ಣನೆಯ ಗೋಡೆ, ಕಾರು ಬರುವ ದಾರಿ. ನೆಲಕ್ಕೆ ಇಳಿಸಿದರೆ ಮತ್ತೆ ತಲೆಗೇರಿಸಲು ಇನ್ನೊಬ್ಬರು ಬೇಕು. ನಾನು ಹುಡುಗನಾಗಿದ್ದಾಗ ನಮ್ಮೂರ ದಾರಿಯ ಬದಿ ಎರಡು ಕಲ್ಲುಕಂಬ ನೆಟ್ಟು ಮೇಲೊಂದು ಅಡ್ಡಗಲ್ಲು ಇಟ್ಟಿದ್ದರು. ಸಂತೆಗೆ ಹೋಗುವವರು ತಲೆಹೊರೆಯನ್ನು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಜಾರಿಸಿ, ಉಸಿರು ತೆಗೆದುಕೊಂಡು, ಮತ್ತೆ ತಲೆಗೆ ಜಾರಿಸಿಕೊಂಡು ಹೋಗುತ್ತಿದ್ದರು. ಅದನ್ನು ಮಗಳಿಗೆ ಹೇಳಿದೆ. ಎಷ್ಟು ಎತ್ತರ ಇತ್ತು ಎಂದು ಕೇಳಿದಳು. ಆಗಿನ ನನ್ನ ತಲೆಗಿಂತ ಮೇಲೆ ಅಂದೆ. ಅದರಿಂದ ಅವಳಿಗೆ ಉಪಯೋಗವಾಗಲಿಲ್ಲ.

"ಅಜ್ಜಿ, ಒಂದು ನಿಮಿಷ ನಿಂತ್ಕೊಳ್ಳಿ" ಅಂದಳು. ಟೇಪು ತಂದು, ಅವರ ಪಾದದ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ತುದಿಯನ್ನು ನೆಲಕ್ಕೆ ಒತ್ತಿಹಿಡಿದಳು. ಇನ್ನೊಂದು ತುದಿಯನ್ನು ನಾನು ಅಜ್ಜಿಯ ಭುಜಕ್ಕೆ ತಂದೆ. ನಾಲ್ಕಡಿಗೆ ಒಂದಿಂಚು ಕಡಿಮೆ ಬಂತು. ಗೇಟಿನ ಪಕ್ಕದ ಕಾಂಪೌಂಡಿನ ಮೇಲೆ ಆ ಎತ್ತರದಲ್ಲಿ ಒಂದು ಅಗಲದ ಕಲ್ಲು ಇಂದು ಸಂಜೆ ಬಂದಿದೆ. ಹೊರಗಿನ ಅಜ್ಜಿಯನ್ನು ಅದರ ಪಕ್ಕಕ್ಕೆ ಸರಿಸಿದ್ದಾಳೆ. ಬುಟ್ಟಿಯನ್ನು ಬೇರೆಯಾಗಿ ಕತ್ತರಿಸಿ ಕೊಡಿ ಅಪ್ಪ ಅಂದಿದ್ದಾಳೆ, ಕಲ್ಲಿನ ಮೇಲೆ ಇಡುವುದಕ್ಕೆ.